ಹೊರಸುತ್ತಿನ ಚುಕ್ಕಿಗಳು

ಲೋಹದ ಗುಣವನ್ನು ತೀರ್ಮಾನಿಸುವುದು ಅದರ ತೂಕವಲ್ಲ, ಬಣ್ಣವಲ್ಲ, ಬೆಲೆಯಂತೂ ಅಲ್ಲವೇ ಅಲ್ಲ. ಪರಮಾಣುವಿನ ಅತ್ಯಂತ ಹೊರಗಿನ ಸುತ್ತಿನಲ್ಲಿ ಅಲೆಯುವ ಒಂದೋ ಎರಡೋ ಮೂರೋ ಇಲೆಕ್ಟ್ರಾನುಗಳು. ಸೃಷ್ಟಿಯ ಈ ಗಂಭೀರ ಸತ್ಯ ನನ್ನ ತಲೆಗೆ ಹೊಕ್ಕದ್ದು ಒಂದು ಹಿತ್ತಾಳೆ ಚೊಂಬಿನ ಮೂಲಕ. ಎಸೆದವನು ನಮ್ಮ ದೊಡ್ಡಪ್ಪ. ಗುರಿ ಇಟ್ಟದ್ದು ಅಪ್ಪನಿಗೆ. ಅಪ್ಪ ಬಗ್ಗಿದ, ಹಿಂದೆ ನಾನಿದ್ದೆ. ಒಳಗೆ ಹೋದ ವಿದ್ಯೆ ಎಷ್ಟೋ ಹೇಳಲಾರೆ, ಹೊರಗೆ ಬಂದ ರಕ್ತ ಮಾತ್ರ ಲಂಗದ ಅಂಚಿನವರೆಗೆ ಇಳಿದಿತ್ತು. ಹುಬ್ಬಿನ ಮೇಲಿನ ಆ ಗೆರೆ ಈಗಲೂ ಇದೆ. ಮುಂದೆ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವಾಗ ಹುಡುಗರು ಅದನ್ನು ಪ್ರಯೋಗಶಾಲೆಯಲ್ಲಿ ಆದ ಗಾಯವೆಂದು ತಿಳಿದು ಬಹಳ ಗೌರವ ಕೊಡುತ್ತಿದ್ದರು. ಅವರು ತಿಳಿದದ್ದೇನೂ ತಪ್ಪಲ್ಲ. ನಾನು ಹುಟ್ಟಿ ಬೆಳೆದ ಮನೆಗೆ ಅದಕ್ಕಿಂತ ಸರಿಯಾದ ಹೆಸರು ಇನ್ನೊಂದಿಲ್ಲ.

ಮನೆ ಇದ್ದದ್ದು ಹೊಸಪೇಟೆಯಲ್ಲಿ, ಕಾಲುವೆಗೆ ಬೆನ್ನು ಮಾಡಿಕೊಂಡು. ಮುಂದೆ ಕಂಬದ ಪಡಸಾಲೆ, ಅದರ ಎಡಕ್ಕೆ ಅಡುಗೆಮನೆ, ಹಿಂದೆ ಅಂಗಳ, ಅಂಗಳದ ಒಂದು ಮೂಲೆಗೆ ಬಚ್ಚಲು, ಇನ್ನೊಂದು ಮೂಲೆಗೆ ಎಮ್ಮೆಯ ಕೊಟ್ಟಿಗೆ. ಡ್ಯಾಮಿನ ನೀರು ಕಾಲುವೆಗೆ ಬಂದ ಮೇಲೆ ಪಾಪಿನಾಯಕನಹಳ್ಳಿ ಕಡೆಯ ನಮ್ಮ ಜೋಳದ ಹೊಲ ಕಬ್ಬಿನ ಗದ್ದೆಯಾಯಿತು, ದೊಡ್ಡಪ್ಪ ಟ್ರ್ಯಾಕ್ಟರಿನ ಮಾಲೀಕನಾದ, ಅವನ ಸಿಟ್ಟಿಗೂ ನೀರಾವರಿಯ ಸೌಕರ್ಯ ಒದಗಿತು. ಮೊದಲು ಬೇಸಿಗೆಯಲ್ಲಿ ಮಾತ್ರ ಏಳುತ್ತಿದ್ದ ಸಿಟ್ಟು ಈಗ ವರ್ಷವಿಡೀ ಬೆಳೆಯತೊಡಗಿತು. ಆಳುಗಳಿಗೆ ಹೊಡೆದ, ಎಮ್ಮೆಗೆ ಹೊಡೆದ, ಸರಿಯಾಗಿ ಹಾಡದ ರೇಡಿಯೋಕ್ಕೆ ಹೊಡೆದ. ನನ್ನ ಅಪ್ಪ ಹೈಸ್ಕೂಲಿನಲ್ಲಿ ಸೈನ್ಸ್ ಮಾಸ್ತರ, ಮೀಸೆ ಬಂದ ಗಂಡಸು, ಅವನಿಗೂ ಹೊಡೆದ. ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡವ್ವ, ಮದುವೆಯಾದ ವರ್ಷವೇ ಒಂದು ಏಟಿಗೆ ಎಡಗಿವಿಯ ಕೇಳುವ ಶಕ್ತಿಯನ್ನು ಕಳೆದುಕೊಂಡಿದ್ದಳು. ಅಂದಿನಿಂದ ಅವಳು ಊಟಕ್ಕೆ ಬಡಿಸುವಾಗ ಆ ಎಡಗಿವಿಯನ್ನೇ ಗಂಡನ ಕಡೆಗೆ ಮಾಡಿಕೊಂಡು ಕೂಡುತ್ತಿದ್ದಳು. ಮನೆಯಲ್ಲಿ ಎಲ್ಲರಿಗಿಂತ ನೆಮ್ಮದಿಯಾಗಿದ್ದವಳು ಅವಳೇ. ಕೈಗೆಟುಕದವರ ಮೇಲೆ ದೊಡ್ಡಪ್ಪ ಪಾತ್ರೆ ಎಸೆಯುತ್ತಿದ್ದ. ಹೀಗಾಗಿ ಲೋಹಗಳ ಭೌತಿಕ ಗುಣಗಳನ್ನು ನಾನು ಪುಸ್ತಕಕ್ಕಿಂತ ಮುಂಚೆ ಕಲಿತೆ: ಹಿತ್ತಾಳೆ ಗೋಡೆಯನ್ನು ಒಡೆಯುತ್ತದೆ, ತಾಮ್ರ ನೆಗ್ಗುತ್ತದೆ, ಸ್ಟೀಲು ಬಿದ್ದ ಮೇಲೂ ಬಹಳ ಹೊತ್ತು ಮಾತಾಡುತ್ತದೆ.

ಅವನ ಏಟು ಬೀಳದೇ ಉಳಿದವರು ಇಬ್ಬರು. ಒಬ್ಬಳು ಅಜ್ಜಿ, ಹೆತ್ತವಳೆಂಬ ಕಾರಣಕ್ಕೆ. ಇನ್ನೊಬ್ಬಳು ನನ್ನ ಅವ್ವ, ಮಾತಾಡದವಳೆಂಬ ಕಾರಣಕ್ಕೆ. ನಮ್ಮಲ್ಲಿ ತಮ್ಮನ ಹೆಂಡತಿಯಾದವಳು ಭಾವನ ಎದುರು ನಿಂತು ಮಾತಾಡುವಂತಿಲ್ಲ, ಅವನೂ ಅವಳನ್ನು ನೇರ ಮಾತಾಡಿಸುವಂತಿಲ್ಲ. ಅವ್ವ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ನನಗೆ ಹೇಳುವಳು, ನಾನು ಪಡಸಾಲೆಯಲ್ಲಿ ಕೂತ ದೊಡ್ಡಪ್ಪನಿಗೆ ಹೇಳುವೆನು. ನಡುವೆ ಇದ್ದದ್ದು ಒಂದು ಕಂಬ. ಅವಳ ಮಾತು ಅವನಿಗೆ ಕೇಳುತ್ತಿತ್ತು, ಎದುರುಮನೆಯವರಿಗೂ ಕೇಳುತ್ತಿತ್ತು. ಆದರೆ ನಾನು ದಾಟಿಸುವವರೆಗೆ ಕೇಳಿಲ್ಲವೆಂಬುದು ಮನೆಯ ಕಾನೂನು.

“ಲಲ್ತಿ, ನಿಮ್ಮ ದೊಡ್ಡಪ್ಪಗ ಇನ್ನೊಂದು ರೊಟ್ಟಿ ಬೇಕೇನು ಕೇಳವ್ವ.”

“ದೊಡ್ಡಪ್ಪ, ಇನ್ನೊಂದು ರೊಟ್ಟಿ ಬೇಕೇನಂತ.”

“ರೊಟ್ಟಿ ಏನ್ ಮಾಡ್ಲಿ? ಪಲ್ಯದಾಗ ಉಪ್ಪಿಲ್ಲ ಹುಳಿ ಇಲ್ಲ, ಎಮ್ಮಿ ಮುಂದ ಇಟ್ರ ಎಮ್ಮೀನೂ ಎದ್ದು ಹೋಗ್ತೈತಿ ಅಂತ ಹೇಳು.”

“ಅವ್ವ, ದೊಡ್ಡಪ್ಪ ಸಾಕಂತ. ಉಪ್ಪು ಚೂರು ಬೇಕಾಗಿತ್ತಂತ.”

ಎಮ್ಮೆಯನ್ನು ದಾರಿಯಲ್ಲೇ ಇಳಿಸಿಬಿಡುವುದು ನನ್ನ ಕೆಲಸ. ಈ ಕೆಲಸ ನನ್ನನ್ನು ಎಂಥವಳನ್ನಾಗಿ ಮಾಡಿತೆಂದರೆ, ಇಂದಿಗೂ ಯಾರಾದರೂ ಜಗಳ ಆಡುತ್ತಿದ್ದರೆ ನಾನು ಇಬ್ಬರ ನಡುವೆ ಒಂದು ಕಂಬದಷ್ಟು ಜಾಗ ನೋಡಿಕೊಂಡು ನಿಲ್ಲುತ್ತೇನೆ. ಈ ಪದ್ಧತಿ ಹೆಂಗಸರ ಬಾಯಿ ಕಟ್ಟಲು ಮಾಡಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ಮನೆಯಲ್ಲಿ ಅದು ಬೇರೆ ಕೆಲಸವನ್ನೂ ಮಾಡುತ್ತಿತ್ತು. ಮಾತೇ ಆಡದ ಹೆಂಗಸಿನ ಮೇಲೆ ಕೈ ಮಾಡಲು ದೊಡ್ಡಪ್ಪನಿಗೆ ದಾರಿ ಇರಲಿಲ್ಲ.

ಅಪ್ಪನ ಪಾಠ ನಡೆಯುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ, ಪಡಸಾಲೆಯ ನೆಲದ ಮೇಲೆ, ಅವ್ವನ ರಂಗೋಲಿ ಪುಡಿಯಲ್ಲಿ. ನಡುವೆ ಒಂದು ದಪ್ಪ ಬೊಟ್ಟು, ಸುತ್ತ ಒಂದರ ಹೊರಗೊಂದು ವೃತ್ತ, ವೃತ್ತದ ಮೇಲೆ ಚುಕ್ಕಿಗಳು. ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತ ನೋಡುವಳು. ಬಾಗಿಲ ಮರೆಯಲ್ಲಿ ಅವ್ವನ ಬಳೆಯ ಸದ್ದು ನಿಲ್ಲುವುದು.

“ಇದು ಸೋಡಿಯಂ. ಒಳಗಿನ ಸುತ್ತಿನಾಗ ಎರಡು, ಅದರಾಚೆ ಎಂಟು. ಕಡೇ ಸುತ್ತಿನಾಗ ಒಂದ. ಒಳಗಿನವಕ್ಕೆ ಹೊರಗಿನ ಸುದ್ದಿ ಬೇಕಾಗಿಲ್ಲ. ಜಗಳ, ಸಂಬಂಧ, ಎಲ್ಲಾ ಈ ಕಡೇ ಸುತ್ತಿಂದು. ಈ ಒಂದನ್ನ ಯಾರಿಗಾದ್ರೂ ಕೊಟ್ಟು ಕೈ ತೊಳಕೊಂಡ್ರ ಸಾಕಾಗಿರ್ತೈತಿ ಅದಕ್ಕ. ನೀರು ಸಿಕ್ರೂ ಸೈ, ಕೊಟ್ಟಬಿಡ್ತೈತಿ.”

ಒಂದು ದಿನ ಸಾಲೆಯಿಂದ ಸೀಮೆಎಣ್ಣೆಯಲ್ಲಿ ಮುಳುಗಿಸಿದ ಸೋಡಿಯಂ ಚೂರು ತಂದು ಅಂಗಳದ ಬಕೀಟಿಗೆ ಹಾಕಿದ. ಅದು ನೀರಿನ ಮೇಲೆ ಹುಚ್ಚು ಹಿಡಿದಂತೆ ಓಡಿ, ಹಳದಿ ಬೆಂಕಿ ಕಾರಿ, ಢಂ ಎಂದಿತು. ನಾವೆಲ್ಲ ಬಚ್ಚಲಿಗೆ ಓಡಿದೆವು. ಓಡದೆ ನಿಂತು ನಕ್ಕವನು ದೊಡ್ಡಪ್ಪ ಒಬ್ಬನೇ. ಅವನು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

“ಮಸ್ತ್ ಐತಲೇ ಮಾಸ್ತರ! ಇನ್ನೊಮ್ಮಿ ಹಾಕು!”

“ಅಷ್ಟ ಇದ್ದದ್ದಣ್ಣ. ಎಣ್ಣ್ಯಾಗ ಇಟ್ರ ಸುಮ್ಮನಿರ್ತೈತಿ, ಹೊರಗ ತಗದ್ರ ಹಿಂಗ.”

“ನನ್ನಂಗ ಐತಿ ಅನ್ನು.”

ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮಾಸ್ತರಾಗಿ ಕಲಿತ ವಿವೇಕ. ಆ ವಿವೇಕ ಅವನಿಗೆ ಎಲ್ಲ ಕಡೆ ಇರಲಿಲ್ಲ. ಅವ್ವನ ತವರು ಸಂಡೂರು ತಾಲ್ಲೂಕಿನ ಬಂಡ್ರಿ. ಸಂಡೂರಿನ ಗುಡ್ಡವೆಂದರೆ ಕಬ್ಬಿಣ ತನ್ನ ಹೊರಗಿನ ಇಲೆಕ್ಟ್ರಾನುಗಳನ್ನು ಯಾವ ಕಾಲಕ್ಕೋ ಗಾಳಿಗೆ ಒಪ್ಪಿಸಿ ಕೂತದ್ದು, ಅಂದರೆ ಬರೀ ತುಕ್ಕು ಎಂದು ಊಟದ ಹೊತ್ತಿಗೆ ಹೇಳಿಬಿಟ್ಟ. ತವರನ್ನು ತುಕ್ಕು ಎಂದವನಿಗೆ ಅವ್ವ ಆ ವಾರ ತಣ್ಣನೆಯ ಸಾರನ್ನೇ ಬಡಿಸಿದಳು.

ತಾಮ್ರದ ವಿಷಯ ತೆಗೆದವಳು ಅವ್ವ, ಬಾಗಿಲ ಮರೆಯಿಂದಲೇ. ತವರಿನಿಂದ ಅವಳ ಜೊತೆ ಚಕ್ಕಡಿಯಲ್ಲಿ ಬಂದದ್ದು ಒಂದು ತಾಮ್ರದ ಹಂಡೆ. ಬಚ್ಚಲ ಒಲೆಯ ಮೇಲೆ ಕೂತು ಇಡೀ ಮನೆಗೆ ಸ್ನಾನದ ನೀರು ಕಾಯಿಸುತ್ತಿತ್ತು. ಈ ಮನೆಯಲ್ಲಿ ಅವಳದೆಂದು ಇದ್ದದ್ದು ಅದು ಮತ್ತು ನಾನು.

“ತಾಮ್ರಕ್ಕ ಕಡೇ ಸುತ್ತಿನಾಗ ಎಷ್ಟು ಅದಾವಂತ ಕೇಳು ನಿಮ್ಮಪ್ಪನ್ನ.”

“ಒಂದ,” ಎಂದ ಅಪ್ಪ.

“ಸೋಡಿಯಂಗೂ ಒಂದ, ತಾಮ್ರಕ್ಕೂ ಒಂದ. ಮತ್ತ ನನ್ನ ಹಂಡೆ ಯಾಕ ಸಿಡಿಯಂಗಿಲ್ಲ?”

ಅಪ್ಪನ ಮುಖ ಅರಳಿತು. ಸಾಲೆಯಲ್ಲಿ ಇಂಥ ಪ್ರಶ್ನೆ ಅವನಿಗೆ ಯಾರೂ ಕೇಳಿರಲಿಲ್ಲ. ತಾಮ್ರದ ಆ ಒಂದು ಚುಕ್ಕಿಯ ಒಳಗಿನ ಸುತ್ತಿನಲ್ಲಿ ಹದಿನೆಂಟು ಇವೆ, ಅವು ನಡುವಿನ ಬೊಟ್ಟನ್ನು ಸರಿಯಾಗಿ ಮರೆ ಮಾಡುವುದಿಲ್ಲ, ಹಾಗಾಗಿ ಬೊಟ್ಟಿನ ಕಣ್ಣು ಕಡೆಯ ಚುಕ್ಕಿಯ ಮೇಲೆ ಇದ್ದೇ ಇರುತ್ತದೆ ಎಂದು ಬಿಡಿಸಿ ಹೇಳಿದ.

“ಚುಕ್ಕಿ ಎರಡರಾಗೂ ಒಂದ ಖರೆ. ಆದ್ರ ಇದರಾಗ ಹಿಡಿತ ಗಟ್ಟಿ. ಸುಮ್ಸುಮ್ಮನ ಬಿಡಂಗಿಲ್ಲ.”

“ಹಂಗಾರ ಬಿಟ್ರ?” ಎಂದಳು ಅವ್ವ.

ಅಷ್ಟರಲ್ಲಿ ದೊಡ್ಡಪ್ಪ ಊಟಕ್ಕೆ ಕೂಗಿದ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡಪ್ಪ ಕಂಪ್ಲಿಯಿಂದ ಟ್ರ್ಯಾಕ್ಟರ್ ತುಂಬ ಅಲ್ಯೂಮಿನಿಯಂ ಪಾತ್ರೆ ತಂದ. ನಮ್ಮ ಕಡೆ ಅದಕ್ಕೆ ಜರ್ಮನ್ ಎನ್ನುತ್ತಿದ್ದರು. ಹಗುರ, ಬೆಳ್ಳಗೆ, ಹುಣಸೆಹಣ್ಣು ಹಾಕಿ ತಿಕ್ಕುವ ಕಾಟವಿಲ್ಲ. ಇನ್ನು ಮೇಲೆ ಮನೆಯಲ್ಲಿ ಹಿತ್ತಾಳೆ ತಾಮ್ರ ಕಾಣಕೂಡದು, ಎಲ್ಲ ಕಂಪ್ಲಿಯ ವ್ಯಾಪಾರಿಗೆ ಹೋಗಬೇಕು ಎಂದು ಸಾರಿದ. ಎಲ್ಲಕ್ಕಿಂತ ಅವನ ಹೆಮ್ಮೆಯೆಂದರೆ ಒಂದು ದೊಡ್ಡ ಹಾಲಿನ ಕ್ಯಾನು. ಅದರ ದಪ್ಪ ಮುಚ್ಚಳಕ್ಕೆ ಕಬ್ಬಿಣದ ಕೊಂಡಿ. ಒತ್ತಿ ಹಾಕಿದರೆ ಗಾಳಿಯೂ ಆಡದು. ಅಜ್ಜಿಯ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನೂ ಬಿಡಲಿಲ್ಲ, ಅದರ ಬದಲು ಪುಟ್ಟದೊಂದು ಜರ್ಮನ್ ಡಬ್ಬಿ ಕೊಟ್ಟ. ಅಜ್ಜಿ ಎಲೆಗೆ ಹಚ್ಚುವ ಸುಣ್ಣವನ್ನು ಅದರಲ್ಲಿ ತುಂಬಿದಳು. ಮರುದಿನದಿಂದ ಡಬ್ಬಿಯ ಮುಚ್ಚಳ ತಾನೇ ಟಪ್ಪೆಂದು ಹಾರತೊಡಗಿತು. ಅಜ್ಜಿ ತೀರಿಹೋದ ಅಜ್ಜನನ್ನು ಅನುಮಾನಿಸಿದಳು. ಅವನಿಗೂ ಎಲೆ ಅಡಿಕೆಯ ಚಟವಿತ್ತು. ಕೆಲವೇ ದಿನಕ್ಕೆ ಡಬ್ಬಿಯ ತಳಕ್ಕೆ ಸಾಸಿವೆಯಂಥ ತೂತು ಬಿದ್ದು, ಸುಣ್ಣ ಅವಳ ಸೆರಗಿಗೆ ಇಳಿಯಿತು.

ಅಪ್ಪ ಡಬ್ಬಿಯನ್ನು ನಡುವೆ ಇಟ್ಟುಕೊಂಡು ರಂಗೋಲಿ ಬಿಡಿಸಿದ. ಎರಡು, ಎಂಟು, ಮೂರು. ಹೊರಸುತ್ತಿನ ಮೂರನ್ನೂ ಕೊಡಲು ತಯಾರಿರುವ ಲೋಹ ಇದು, ಆದರೂ ಸುಮ್ಮನಿರುತ್ತದೆ. ಏಕೆಂದರೆ ಗಾಳಿ ಸೋಕಿದೊಡನೆ ಮೈಮೇಲೆ ತೆಳ್ಳಗೆ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಸುಣ್ಣ ಆ ಪೊರೆಯನ್ನು ತಿನ್ನುತ್ತದೆ. ಪೊರೆ ಹೋಯಿತೆಂದರೆ ಒಳಗಿನದು ನೀರಿನ ಜೊತೆ ಕಾದಾಟಕ್ಕೆ ಇಳಿದು, ಹೈಡ್ರೋಜನ್ ಗಾಳಿ ಎದ್ದು, ಮೈ ಬಿಸಿಯಾಗಿ, ಮುಚ್ಚಳ ಹಾರುತ್ತದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಹುಬ್ಬು ಉಳಿಯುತ್ತಿತ್ತು. ಅಪ್ಪ ದೊಡ್ಡಪ್ಪನ ಕಡೆ ತಿರುಗಿದ.

“ಅಣ್ಣ, ಜರ್ಮನ್ನಾಗ ಸುಣ್ಣ ಇಡಬಾರದು. ಇದು ಸಣ್ಣ ಡಬ್ಬಿ, ನಡದೀತು. ದೊಡ್ಡದಾದ್ರ ಅಪಾಯ.”

“ಅಂದ್ರ ನಾ ತಂದದ್ದು ತೂತು ಬೀಳೂ ಮಾಲು ಅಂತೀ?”

“ಮಾಲು ಚಲೋ ಐತಣ್ಣ. ಅದರ ಹೊರಗಿನ ಸುತ್ತು...”

“ನಿನ್ನ ಸುತ್ತು ಸಾಲ್ಯಾಗ ಇಟ್ಕೋಲೇ!”

ಕೈಗೆ ಸಿಕ್ಕ ಚೊಂಬು ಹಾರಿದ್ದು ಆಗಲೇ. ಮಾರಾಟಕ್ಕೆ ಕಾದಿದ್ದ ಹಿತ್ತಾಳೆ. ಹೋಗುವ ಮುಂಚೆ ತನ್ನ ಕೆಲಸ ಮಾಡಿ ಹೋಯಿತು. ಅವ್ವ ನನ್ನ ಹಣೆಗೆ ಅರಿಶಿನ ಮೆತ್ತಿ ಸೆರಗು ಹರಿದು ಕಟ್ಟಿದಳು. ಕಟ್ಟುತ್ತ ನನಗೆ ಹೇಳಿದಳು, ಆದರೆ ಇಡೀ ಪಡಸಾಲೆಗೆ ಕೇಳುವಂತೆ:

“ನನ್ನ ಹಂಡೆ ಮುಟ್ಟಬ್ಯಾಡ್ರಿ ಅಂತ ಹೇಳು. ನಮ್ಮವ್ವ ಕೊಟ್ಟದ್ದು ಅದು.”

ನಾನು ಬಾಯಿ ತೆರೆಯುವ ಮುಂಚೆಯೇ ದೊಡ್ಡಪ್ಪ ಕಂಬಕ್ಕೆ ಒದ್ದ.

“ಹಬ್ಬದೊಳಗ ಹಂಡೆ ಕಂಪ್ಲಿಗೆ ಹೋಗ್ತೈತಿ ಅಂತ ಹೇಳು. ಇನ್ನೊಮ್ಮಿ ದನಿ ಬಂತಂದ್ರ ತಮ್ಮನ ಹೆಣ್ತಿ ಅಂತ ನೋಡಂಗಿಲ್ಲ, ಹಲ್ಲು ಉದುರಿಸ್ತೀನಿ ಅಂತನೂ ಹೇಳು.”

ಇದನ್ನು ದಾರಿಯಲ್ಲಿ ತಣ್ಣಗೆ ಮಾಡುವ ವಿದ್ಯೆ ನನ್ನಲ್ಲಿರಲಿಲ್ಲ. ನಾನು ಅವ್ವನ ಮುಖ ನೋಡಿದೆ, ಅವಳು ನನ್ನ ಕಟ್ಟನ್ನು ಬಿಗಿ ಮಾಡಿದಳು. ಅಪ್ಪ ನೆಲದ ಮೇಲಿನ ಮೂರು ಚುಕ್ಕಿಗಳನ್ನು ಅಂಗೈಯಿಂದ ಒರೆಸಿದ.

ದೀಪಾವಳಿಯ ನೀರು ತುಂಬುವ ದಿನ ಬಂತು. ಅಂದು ಹಂಡೆಯನ್ನು ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಬಳ್ಳಿ ಸುತ್ತಿ, ಕಂಠದವರೆಗೆ ನೀರು ತುಂಬಿ ಪೂಜೆ ಮಾಡುತ್ತಾರೆ. ಪೂಜೆಯಾದ ನೀರನ್ನು ಮರುದಿನ ಬೆಳಗಿನ ಎಣ್ಣೆ ಸ್ನಾನದವರೆಗೆ ಚೆಲ್ಲುವಂತಿಲ್ಲ. ಅವ್ವ ಎಲ್ಲರಿಗಿಂತ ಮೊದಲು ಎದ್ದು ಕೊಡಕೊಡವಾಗಿ ನೀರು ಹೊತ್ತು, ಹಂಡೆ ತುಂಬಿ, ಪೂಜೆ ಮುಗಿಸಿಯೇ ಬಿಟ್ಟಿದ್ದಳು. ದೊಡ್ಡಪ್ಪ ಬಚ್ಚಲಿಗೆ ಬಂದು ನೋಡಿದ. ತುಂಬಿದ ಹಂಡೆಯನ್ನು ನಾಲ್ಕಾಳು ಸೇರಿದರೂ ಎತ್ತುವಂತಿಲ್ಲ. ಚೆಲ್ಲೋಣವೆಂದರೆ ಅಜ್ಜಿ ಹೊಸಿಲಿನ ಮೇಲೆ ಕಾಲು ಚಾಚಿ ಕೂತಿದ್ದಾಳೆ.

“ಪೂಜಿ ಆಗೇತಪ್ಪ,” ಎಂದಳು ಅಜ್ಜಿ, ಅಡಿಕೆ ಕಡಿಯುತ್ತ.

ದೇವರ ಮೇಲೆ ಕೈ ಮಾಡಲಾರದೆ ದೊಡ್ಡಪ್ಪ ಬಾಗಿಲಿಗೆ ಗುದ್ದಿದ, ಎಮ್ಮೆಗೆ ಒದ್ದ, ಕೊನೆಗೆ ಕೆಲಸದ ಮೇಲೆ ಸಿಟ್ಟು ತೀರಿಸಿಕೊಳ್ಳಲು ಹೊರಟ. ಗದ್ದೆಯ ಪಂಪ್‌ಹೌಸಿಗೆ ಹಬ್ಬದ ಸುಣ್ಣ ಬಳಿಯುವುದು ಬಾಕಿ ಇತ್ತು. ಸುಣ್ಣದ ಕಲ್ಲನ್ನು ಅರಳಿಸುವುದು ನೆಲದ ಗುಂಡಿಯಲ್ಲೋ ಹಳೆಯ ಗಡಿಗೆಯಲ್ಲೋ. ನೀರು ಬಿದ್ದೊಡನೆ ಕಲ್ಲು ಕೊತಕೊತ ಕುದ್ದು ಹಿಟ್ಟಾಗುತ್ತದೆ. ದೊಡ್ಡಪ್ಪ ಇಲ್ಲೇ ಅರಳಿಸಿ ಟ್ರ್ಯಾಕ್ಟರಿನಲ್ಲಿ ಒಯ್ಯುವುದೆಂದು ತೀರ್ಮಾನಿಸಿ, ಅಂಗಳದ ನಡುವೆ ತನ್ನ ಜರ್ಮನ್ ಕ್ಯಾನನ್ನೇ ಇಟ್ಟ. ಕಲ್ಲು ಸುರಿದ, ನೀರು ಹೊಯ್ದ, ದಾರಿಯಲ್ಲಿ ತುಳುಕಬಾರದೆಂದು ಮುಚ್ಚಳ ಇಟ್ಟು ಕೊಂಡಿಯನ್ನು ಸುತ್ತಿಗೆಯಿಂದ ಬಡಿದು ಕೂಡಿಸಿದ. ಅಪ್ಪ ಮನೆಯಲ್ಲಿರಲಿಲ್ಲ, ಪೇಟೆಗೆ ಹೋಗಿದ್ದ.

ನಾನು ಬಚ್ಚಲ ಬಾಗಿಲಲ್ಲಿದ್ದೆ. ನನ್ನ ಹಿಂದೆ ಅವ್ವ. ಕ್ಯಾನಿನೊಳಗೆ ಯಾರೋ ಹಲ್ಲು ಕಡಿದಂತೆ ಸದ್ದು ಏಳತೊಡಗಿತು. ಅಜ್ಜಿಯ ಡಬ್ಬಿ ನೋಡಿದ್ದ ನಮಗೆ ಇಬ್ಬರಿಗೂ ಅದು ಏನೆಂದು ಗೊತ್ತಾಯಿತು. ಅವ್ವ ನನ್ನ ಭುಜ ಹಿಡಿದಳು.

“ಲಲ್ತಿ, ಮುಚ್ಚಳ ತಗೀರಿ ಅಂತ ಹೇಳು.”

“ದೊಡ್ಡಪ್ಪ, ಮುಚ್ಚಳ ತಗೀಬೇಕಂತ.”

ಅವನು ಕ್ಯಾನಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚುತ್ತಿದ್ದ.

“ಯಾರು ಹೇಳಿದ್ದು? ನಿಮ್ಮಪ್ಪನೋ, ಅವ್ವನೋ?”

“ಅವ್ವ, ದೊಡ್ಡಪ್ಪ.”

“ಮಾಸ್ತರನ ಹೆಣ್ತೀನೂ ಮಾಸ್ತರಿಕಿ ಮಾಡಾಕ ಹತ್ತ್ಯಾಳೇನಂತ ಕೇಳು.”

“ಅವ್ವ, ಮಾಸ್ತರಿಕಿ...”

“ಕೇಳೇತಿ! ಕ್ಯಾನ್ ಒಡೀತೈತಿ, ಬೀಡಿ ಒಗೀರಿ, ದೂರ ಸರೀರಿ ಅಂತ ಹೇಳು.”

“ಬೀಡಿ ಒಗೀಬೇಕಂತ, ದೊಡ್ಡಪ್ಪ. ದೂರ...”

“ನನ್ನ ಅಂಗಳದಾಗ ನನ್ನ ಬೀಡಿ!”

ಸದ್ದು ಹಲ್ಲಿನಿಂದ ಗಂಟಲಿಗೆ ಇಳಿಯಿತು. ಕ್ಯಾನಿನ ಹೊಟ್ಟೆ ನನ್ನ ಕಣ್ಣೆದುರೇ ಉಬ್ಬಿತು. ನಾನು ಮಾತು ದಾಟಿಸುತ್ತಲೇ ಇದ್ದೆ, ಪದ್ಧತಿ ತನ್ನ ಗಾಂಭೀರ್ಯದಲ್ಲಿ ನಡೆಯುತ್ತಲೇ ಇತ್ತು, ಒಂದೊಂದು ಮಾತೂ ಎರಡೆರಡು ಸಲ. ಆಗ ಅವ್ವ ನನ್ನನ್ನು ಬಚ್ಚಲೊಳಕ್ಕೆ ತಳ್ಳಿ ತಾನು ಅಂಗಳಕ್ಕೆ ಇಳಿದಳು. ಸೆರಗು ತಲೆಯ ಮೇಲಿಂದ ಜಾರಿತ್ತು. ಆ ಮನೆಯಲ್ಲಿ ಯಾವ ಸೊಸೆಯೂ ಎಂದೂ ಬಾಯಲ್ಲಿ ತರದ ದೊಡ್ಡಪ್ಪನ ಹೆಸರನ್ನು ಹಿಡಿದು ಕೂಗಿದಳು.

“ಹನುಮಂತಪ್ಪಾ! ಈ ಕಡೆ ಬಾ! ಬಾರೋ ಇಲ್ಲಿ, ನಿನಗ ಹೇಳೋದು!”

ಹೆದರಿಸಿದ್ದರೆ ಅವನು ಕದಲುತ್ತಿರಲಿಲ್ಲ. ಅವಳು ಕರೆದದ್ದರಿಂದ ಎದ್ದ. ಬೀಡಿ ಬಾಯಿಂದ ಬಿತ್ತು. ಮುಖ ಕಪ್ಪಾಗಿ, ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿಕೊಂಡು ಅವಳತ್ತ ನುಗ್ಗಿದ. ಅವ್ವ ಓಡಲಿಲ್ಲ. ಅವನಿಗೆ ಎಟುಕದಂತೆ ಎರಡೆರಡೇ ಹೆಜ್ಜೆ ಪಕ್ಕಕ್ಕೆ ಹೋಗುತ್ತ, ಹೆಸರು ಕೂಗುತ್ತ, ಅವನನ್ನು ಬಚ್ಚಲ ಗೋಡೆಯ ಕಡೆಗೆ ಎಳೆದುಕೊಂಡಳು. ಕೊನೆಗೆ ಗೋಡೆಗೆ ಅವಳ ಬೆನ್ನು ತಾಗಿತು. ಕೈ ಇಳಿಯಬೇಕು, ಅಷ್ಟರಲ್ಲಿ ಕ್ಯಾನು ಸಿಡಿಯಿತು.

ಕಂಡದ್ದೆಲ್ಲ ಬಿಳುಪು. ಕ್ಯಾನಿನ ಒಡಲು ಹರಿದು ಕೊಟ್ಟಿಗೆಯ ಹೆಂಚಿಗೆ ನುಗ್ಗಿತು. ಎಮ್ಮೆ ಹಗ್ಗ ಕಿತ್ತುಕೊಂಡು ಕಾಲುವೆಯ ಕಡೆ ಓಡಿತು. ಮುಚ್ಚಳ ಕೊಂಡಿಯ ಸಮೇತ ಹಾರಿ ಬಂದು ದೊಡ್ಡಪ್ಪನ ಎತ್ತಿದ ಕೈಯ ಭುಜಕ್ಕೆ ಹಿಂದಿನಿಂದ ಬಡಿಯಿತು. ಮೂಳೆ ಮುರಿದ ಸದ್ದು ಹಸಿ ಕಬ್ಬು ಮುರಿದಂತೆ ಇತ್ತು. ಕುದಿಯುವ ಸುಣ್ಣ ಅವನ ಬೆನ್ನಿನ ಮೇಲೆ ಚೆಲ್ಲಿ ಅಂಗಿ ಚರ್ಮಕ್ಕೆ ಅಂಟಿತು. ಅವನು ಗೋಡೆಯ ಬುಡದಲ್ಲಿ ಮೊಣಕಾಲೂರಿ ಬಿದ್ದ. ಅವನ ದೊಡ್ಡ ಮೈ ಮರೆಯಾಗಿದ್ದರಿಂದ ಅವ್ವನ ಮೇಲೆ ಬಿದ್ದದ್ದು ನಾಲ್ಕು ಹನಿ. ದೊಡ್ಡವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

“ಯಾರರ ಕರದ್ರೇನು?” ಎಂದು ಕೇಳಿದಳು.

ಅಜ್ಜಿ ಬೆಣ್ಣೆ ತರಲು ಓಡಿದಳು. ಅವ್ವ ಬೇಡವೆಂದಳು. ಸುಣ್ಣ ಮೈಮೇಲೆ ಬಿದ್ದರೆ ನೀರೊಂದೇ, ಧಾರಾಳ ನೀರು ಎಂದು ಅಪ್ಪ ಅಜ್ಜಿಯ ಸೆರಗು ಕೆಟ್ಟ ದಿನ ಹೇಳಿದ್ದ. ಅಂಗಳದಲ್ಲಿ ಧಾರಾಳ ನೀರು ಇದ್ದದ್ದು ಒಂದೇ ಕಡೆ. ಪೂಜೆಯಾದ ಹಂಡೆಗೆ ಚೊಂಬು ಮುಳುಗಿಸಿ ಅವ್ವ ಅವನ ಬೆನ್ನಿಗೆ ಸುರಿಯತೊಡಗಿದಳು. ಅಂಗಿಯ ಜೊತೆ ಚರ್ಮದ ತುಂಡುಗಳೂ ಇಳಿದವು. ದೊಡ್ಡಪ್ಪ ಮಗುವಿನಂತೆ ಕಿರುಚಿದ, ಬೈದ, ಆಮೇಲೆ ಬೈಯುವುದನ್ನು ನಿಲ್ಲಿಸಿದ. ನಾನು ಅಭ್ಯಾಸಬಲದಿಂದ ಇಬ್ಬರ ನಡುವೆ ಹೋಗಿ ನಿಂತೆ.

“ಇನ್ನೊಂದಿಷ್ಟು ಹಾಕವ್ವ,” ಎಂದ ದೊಡ್ಡಪ್ಪ.

ಅವನು ನನ್ನ ಕಡೆ ನೋಡಿರಲಿಲ್ಲ.

“ಅಲುಗಾಡಬ್ಯಾಡ್ರಿ ಮತ್ತ,” ಎಂದಳು ಅವ್ವ ಅವನಿಗೆ.

ದಾಟಿಸಲು ಏನೂ ಉಳಿದಿರಲಿಲ್ಲ. ಹಂಡೆಯ ತಳ ಕಾಣುವವರೆಗೆ ಅವಳು ಸುರಿದಳು, ನಾನು ಚೊಂಬು ತುಂಬಿ ಕೊಟ್ಟೆ. ಆಮೇಲೆ ಆಳುಗಳು ಬಂದು ಅವನನ್ನು ಅದೇ ಟ್ರ್ಯಾಕ್ಟರಿನಲ್ಲಿ ಮಕಾಡೆ ಮಲಗಿಸಿ ಆಸ್ಪತ್ರೆಗೆ ಒಯ್ದರು.

ಅಪ್ಪ ಪೇಟೆಯಿಂದ ಪಟಾಕಿಯ ಪೊಟ್ಟಣ ಹಿಡಿದು ಬಂದ. ಅಂಗಳದಲ್ಲಿ ಬಿಳಿ ರಾಡಿ, ಕೊಟ್ಟಿಗೆಯ ಮಾಡಿನಲ್ಲಿ ತೂತು. ಅಜ್ಜಿ ಅವನ ಎದೆಗೆ ಗುದ್ದಿದಳು.

“ಓದಿದವನು ನೀನು! ಇದನ್ನ ಮೊದಲ ಹೇಳಾಕ ಆಗ್ತಿರಲಿಲ್ಲೇನೋ?”

ಅಪ್ಪ ನನ್ನ ಹುಬ್ಬಿನ ಕಟ್ಟಿನ ಕಡೆ ನೋಡಿದ.

“ಹೇಳಿದ್ದೆ,” ಎಂದ.

ಪಟಾಕಿಯನ್ನು ಆ ವರ್ಷ ಯಾರೂ ಹಚ್ಚಲಿಲ್ಲ. ಅದರ ಅಗತ್ಯ ಕಾಣಲಿಲ್ಲ. ಹಂಡೆ ಬಚ್ಚಲ ಒಲೆಯ ಮೇಲೆಯೇ ಉಳಿಯಿತು. ಜರ್ಮನ್ ಪಾತ್ರೆಗಳು ಕಂಪ್ಲಿಗೆ ವಾಪಸು ಹೋದವು. ದೊಡ್ಡಪ್ಪ ಹಬ್ಬ ಕಳೆದು ಬಹಳ ದಿನಕ್ಕೆ ಮನೆಗೆ ಬಂದ. ಬೆನ್ನು ಮಾಯ್ದಿತ್ತು, ಸಿಟ್ಟು ಇದ್ದಷ್ಟೇ ಇತ್ತು, ಅವ್ವನ ಅಡುಗೆಯನ್ನು ಅವ್ವನಿಗೇ ಬೈಯತೊಡಗಿದ, ಅವಳೂ ಬಾಗಿಲ ಈಚೆ ಬಂದು ಉತ್ತರ ಕೊಡತೊಡಗಿದಳು. ಎಮ್ಮೆಯ ಹೋಲಿಕೆ ಈಗ ದಾರಿಯಲ್ಲಿ ಇಳಿಯದೆ ನೇರ ತಲುಪುತ್ತಿತ್ತು. ಬದುಕಿರುವಷ್ಟು ದಿನ ಅವನು ಮತ್ತೆ ಯಾರ ಮೇಲೂ ಕೈ ಎತ್ತಲಿಲ್ಲ. ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ.